ಲಿನಕ್ಸ್ ಗಣಕಯಂತ್ರದಲ್ಲಿ ಡಿವಿಡಿ ಬರೆಯುವಾಗಿನ ತೊಡಕುಗಳು ಮತ್ತು ಗ್ರಾಮಸಭೆಯ ದಾಖಲೆ

(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಅಧ್ಯಯನ ಪಾಠ)



ಡಿವಿಡಿ ಬರೆಯುವುದು ಕಚೇರಿಯ ಗಣಕಯಂತ್ರ ನಿರ್ವಾಹಕರ ಕೆಲಸ, ಅದರಲ್ಲಿ ಚುನಾಯಿತ ಸದಸ್ಯರು ತಿಳಿಯಬೇಕಾದದ್ದು ಏನಿದೆ ಎಂಬ ಪ್ರಶ್ನೆ ಈ ಪಾಠದ ಶೀರ್ಷಿಕೆ ನೋಡಿದೊಡನೆ ತಮ್ಮಲ್ಲಿ ಮೂಡುವುದು ಸಹಜ. ನನ್ನ ಸೇವೆಯ ಮೊದಲ ವರ್ಷಗಳಲ್ಲಿ ನಾನೂ ಹಾಗೆಯೇ ಭಾವಿಸಿದ್ದೆನು. ಆ ಭಾವನೆಯನ್ನು ಬದಲಿಸಿದ ಒಂದು ಸಂಗತಿಯಿಂದಲೇ ಪಾಠವನ್ನು ಆರಂಭಿಸುತ್ತೇನೆ.

1. ಒಂದು ಡಿಸ್ಕಿನ ಸಂಗತಿ

ಹರಿಹರ ತಾಲ್ಲೂಕಿನ ಒಂದು ಪಂಚಾಯಿತಿಯಲ್ಲಿ ನಾನು ಅಭಿವೃದ್ಧಿ ಅಧಿಕಾರಿಯಾಗಿದ್ದಾಗ, ವಸತಿ ಯೋಜನೆಯ ಫಲಾನುಭವಿಗಳ ಆಯ್ಕೆ ನಡೆದ ಗ್ರಾಮಸಭೆಯ ವಿಡಿಯೊ ಪ್ರತಿಯನ್ನು ಕೋರಿ ಮಹಿಳೆಯೊಬ್ಬರು ಮಾಹಿತಿ ಹಕ್ಕಿನ ಅರ್ಜಿ ಸಲ್ಲಿಸಿದರು. ಸಭೆಯಲ್ಲಿ ತಮ್ಮ ಹೆಸರನ್ನು ಓದಿದ್ದರು, ನಡಾವಳಿ ಪುಸ್ತಕದಲ್ಲಿ ಮಾತ್ರ ಅದು ಇಲ್ಲ ಎಂಬುದು ಅವರ ಅಳಲು. ನಾವು ಇಪ್ಪತ್ತೇಳನೆಯ ದಿನ ಡಿವಿಡಿ ಬರೆದು ಕೊಟ್ಟೆವು. ಪರದೆಯ ಮೇಲೆ ‘ಯಶಸ್ವಿಯಾಗಿ ಮುಗಿದಿದೆ’ ಎಂಬ ಸಂದೇಶ ಬಂದಿತ್ತು. ನಮಗೆ ಅಷ್ಟೇ ಸಾಕಾಗಿತ್ತು.

ಆಕೆ ಆ ಡಿಸ್ಕನ್ನು ದಾವಣಗೆರೆಗೆ ಕೊಂಡೊಯ್ದು ತಮ್ಮ ವಕೀಲರ ಕಚೇರಿಯಲ್ಲಿ ಹಾಕಿಸಿದರು. ಮೂವತ್ತೆರಡನೆಯ ದಿನ ಮರಳಿ ಬಂದು, ‘ಸಾರ್, ಇದ್ರಾಗೆ ಊಟಕ್ಕೆ ಎದ್ದಿದ್ದರ ತನಕ ಅಷ್ಟೇ ಐತಂತೆ. ನನ್ನ ಹೆಸರು ಓದಿದ್ದು ಊಟ ಆದ ಮ್ಯಾಲೆ’ ಎಂದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ, ಸಂಶಯವಿತ್ತು. ಬೇಕೆಂದೇ ಆ ಭಾಗವನ್ನು ಕತ್ತರಿಸಿದ್ದೇವೆಂದು ಅವರು ತಿಳಿದಿದ್ದರು. ಅವರ ಸ್ಥಾನದಲ್ಲಿ ಯಾರಿದ್ದರೂ ಹಾಗೆಯೇ ತಿಳಿಯುತ್ತಿದ್ದರು.

ಆ ಗಣಕಯಂತ್ರಕ್ಕೆ ಲಿನಕ್ಸ್ ಹಾಕಿದವನು ನಾನೇ. ಆದ್ದರಿಂದ ದೂರು ಮೊದಲು ಲಿನಕ್ಸ್ ಮೇಲೆ, ಅನಂತರ ನನ್ನ ಮೇಲೆ ಬಂದಿತು. ಹೊಸ ಡ್ರೈವ್ ಖರೀದಿಸಬೇಕು, ಹಳೆಯ ವ್ಯವಸ್ಥೆಗೇ ಮರಳಬೇಕು ಎಂಬ ಸಲಹೆಗಳು ಸಾಮಾನ್ಯ ಸಭೆಯವರೆಗೂ ಹೋದವು. ನಿಜವಾದ ಕಾರಣ ಬೇರೆಯೇ ಇತ್ತು. ಅದನ್ನು ಮುಂದೆ ಅದರ ಸ್ಥಾನದಲ್ಲಿ ವಿವರಿಸುತ್ತೇನೆ. ಈ ಪಾಠದ ತಿರುಳು ಇಷ್ಟು: ಬರೆದು ಮುಗಿದ ಡಿಸ್ಕು ದಾಖಲೆಯಲ್ಲ, ಬೇರೊಂದು ಯಂತ್ರದಲ್ಲಿ ಪೂರ್ಣವಾಗಿ ಓದಿ ನೋಡಿದ ಡಿಸ್ಕು ಮಾತ್ರ ದಾಖಲೆ.

2. ಕಾನೂನಿನ ದೃಷ್ಟಿಯಲ್ಲಿ ಡಿಸ್ಕು

ಮಾಹಿತಿ ಹಕ್ಕು ಅಧಿನಿಯಮ, 2005ರ 2ನೆಯ ಪ್ರಕರಣದ (ಜೆ) ಖಂಡವು, ಗಣಕಯಂತ್ರದಲ್ಲಿರುವ ಮಾಹಿತಿಯನ್ನು ಫ್ಲಾಪಿ, ಟೇಪು, ವಿಡಿಯೊ ಕ್ಯಾಸೆಟ್ ಅಥವಾ ಬೇರಾವುದೇ ವಿದ್ಯುನ್ಮಾನ ರೂಪದಲ್ಲಿ ಪಡೆಯುವುದನ್ನು ನಾಗರಿಕರ ಹಕ್ಕಿನೊಳಗೆ ಸೇರಿಸಿದೆ. 7ನೆಯ ಪ್ರಕರಣದಂತೆ ಸಾಮಾನ್ಯವಾಗಿ 30 ದಿನಗಳೊಳಗೆ ಮಾಹಿತಿ ನೀಡತಕ್ಕದ್ದು. ಅವಧಿ ಮೀರಿದರೆ ಮಾಹಿತಿಯನ್ನು ಶುಲ್ಕವಿಲ್ಲದೆ ಕೊಡಬೇಕಾಗುತ್ತದೆ. ಸಕಾರಣವಿಲ್ಲದೆ ತಡಮಾಡಿದರೆ ಅಥವಾ ತಿಳಿದೂ ತಪ್ಪಾದ, ಅಪೂರ್ಣವಾದ ಮಾಹಿತಿ ಕೊಟ್ಟರೆ 20ನೆಯ ಪ್ರಕರಣದಡಿ ದಿನಕ್ಕೆ 250 ರೂಪಾಯಿಯಂತೆ ಗರಿಷ್ಠ 25,000 ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ಅರ್ಧ ಬರೆದ ಡಿಸ್ಕು ಅಪೂರ್ಣ ಮಾಹಿತಿಯೇ ಹೌದು. ನಮಗೆ ತಿಳಿಯದೆ ಹಾಗಾಯಿತೆಂದು ತೋರಿಸುವ ಹೊರೆ ನಮ್ಮ ಮೇಲೆಯೇ ಬೀಳುತ್ತದೆ.

ಇದೇ ಡಿಸ್ಕು ನ್ಯಾಯಾಲಯದ ಮೆಟ್ಟಿಲು ಹತ್ತಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೆಯ ಪ್ರಕರಣವು ವಿದ್ಯುನ್ಮಾನ ದಾಖಲೆಯ ಜೊತೆಗೆ ಪ್ರಮಾಣಪತ್ರವನ್ನು ಕೇಳುತ್ತದೆ. ಆ ಪ್ರಮಾಣಪತ್ರದ ನಮೂನೆಯಲ್ಲಿ ಕಡತದ ‘ಹ್ಯಾಶ್’ ಮೌಲ್ಯವನ್ನು ನಮೂದಿಸಬೇಕು. ಹ್ಯಾಶ್ ಎಂದರೇನೆಂಬುದನ್ನು ಆರನೆಯ ಭಾಗದಲ್ಲಿ ನೋಡೋಣ.

3. ಡಿಸ್ಕಿನ ಮೇಲೆ ಬರವಣಿಗೆ ಹೇಗೆ ನಡೆಯುತ್ತದೆ

ಒಮ್ಮೆ ಮಾತ್ರ ಬರೆಯಬಹುದಾದ ಡಿವಿಡಿಯೊಳಗೆ ತೆಳುವಾದ ಬಣ್ಣದ ಪದರವೊಂದಿರುತ್ತದೆ. ಡ್ರೈವಿನ ಕೆಂಪು ಲೇಸರ್ ಕಿರಣವು ಆ ಪದರವನ್ನು ಅಲ್ಲಲ್ಲಿ ಬಿಸಿಮಾಡಿ, ಬೆಳಕನ್ನು ಪ್ರತಿಫಲಿಸುವ ಅದರ ಗುಣವನ್ನು ಬದಲಿಸುತ್ತದೆ. ಒಳಗಿನಿಂದ ಹೊರಗೆ ಸುರುಳಿಯಾಕಾರದಲ್ಲಿ ಸಾಗುವ ಈ ಬರವಣಿಗೆಯನ್ನು ಅನಂತರ ಅಳಿಸಲಾಗದು. ಹರಿಹರೇಶ್ವರ ದೇವಾಲಯದ ಆವರಣದಲ್ಲಿ ಶಾಸನಗಳನ್ನು ತಾವು ನೋಡಿರುತ್ತೀರಿ. ಕೊರೆದದ್ದನ್ನು ತಿದ್ದಲಾಗದು ಎಂಬುದೇ ಆ ಕಲ್ಲುಗಳಿಗಿರುವ ನಂಬಿಕೆಯ ಬಲ. ಪೆನ್‌ಡ್ರೈವಿಗಿಂತ ಡಿವಿಡಿಯನ್ನು ಇಂದಿಗೂ ಅನೇಕ ಕಚೇರಿಗಳು ಬಯಸುವುದಕ್ಕೆ ಇದೂ ಒಂದು ಕಾರಣ: ಪೆನ್‌ಡ್ರೈವಿನಲ್ಲಿರುವುದನ್ನು ಯಾರು ಬೇಕಾದರೂ ಅಳಿಸಿ ಬದಲಿಸಬಹುದು.

ಮಾರುಕಟ್ಟೆಯಲ್ಲಿ ಸಿಗುವ ಡಿಸ್ಕುಗಳಲ್ಲಿ ಮುಖ್ಯವಾಗಿ ಮೂರು ಬಗೆಗಳನ್ನು ಗುರುತಿಸಬೇಕು. ‘ಡಿವಿಡಿ ಮೈನಸ್ ಆರ್’ ಮತ್ತು ‘ಡಿವಿಡಿ ಪ್ಲಸ್ ಆರ್’ ಎಂಬ ಎರಡನ್ನೂ ಒಮ್ಮೆ ಮಾತ್ರ ಬರೆಯಬಹುದು. ಇಂದಿನ ಬಹುತೇಕ ಡ್ರೈವುಗಳು ಎರಡನ್ನೂ ಬರೆಯುತ್ತವೆ. ಹಳೆಯ ಕೆಲವು ಡ್ರೈವುಗಳು ಒಂದನ್ನು ಮಾತ್ರ ಬರೆಯುತ್ತವೆ. ‘ಆರ್‌ಡಬ್ಲ್ಯು’ ಎಂದು ಕೊನೆಗೊಳ್ಳುವವು ಅಳಿಸಿ ಮತ್ತೆ ಬರೆಯುವಂಥವು. ಅಳಿಸಬಹುದಾದ್ದರಿಂದಲೇ ಅವುಗಳನ್ನು ದಾಖಲೆಗಾಗಿ ಬಳಸಕೂಡದು. ಖರೀದಿ ಬಿಲ್ಲಿನಲ್ಲಿ ಕೇವಲ ‘ಡಿವಿಡಿ’ ಎಂದು ಬರೆಯದೆ ಅದರ ಬಗೆಯನ್ನೂ ನಮೂದಿಸಲು ಕಚೇರಿಗೆ ಸೂಚಿಸಿರಿ.

4. ಲಿನಕ್ಸ್ ಮತ್ತು ಬರೆಯುವ ತಂತ್ರಾಂಶಗಳು

1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಅವರು ಆರಂಭಿಸಿದ ಲಿನಕ್ಸ್, ಪರವಾನಗಿ ಶುಲ್ಕವಿಲ್ಲದೆ ಬಳಸಬಹುದಾದ ಕಾರ್ಯಾಚರಣಾ ವ್ಯವಸ್ಥೆ. ವಿಂಡೋಸ್ 7ಕ್ಕೆ 2020ರ ಜನವರಿ 14ರಂದೂ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದೂ ತಯಾರಕರ ಸಾಮಾನ್ಯ ಬೆಂಬಲ ಮುಗಿದಿದೆ. ಹೊಸ ಆವೃತ್ತಿಯ ಭಾರ ತಾಳಲಾರದ ಹಳೆಯ ಯಂತ್ರಗಳನ್ನು ಗುಜರಿಗೆ ಹಾಕದೆ ಬಳಸಲು ಲಿನಕ್ಸ್ ಒಂದು ದಾರಿ. ನಮ್ಮಲ್ಲಿದ್ದುದು ಲಿನಕ್ಸ್‌ನ ಉಬುಂಟು ಎಂಬ ಬಗೆ.

ಲಿನಕ್ಸ್‌ನಲ್ಲಿ ಡಿವಿಡಿ ಬರೆಯುವ ಕೆಲಸ ಎರಡು ಹಂತಗಳಲ್ಲಿ ಹಂಚಿಹೋಗಿದೆ ಎಂಬುದನ್ನು ತಿಳಿದರೆ ಅರ್ಧ ಗೊಂದಲ ಕಳೆಯುತ್ತದೆ. ನಾವು ಕಣ್ಣಿನಿಂದ ಕಾಣುವ ಬ್ರಸೇರೊ, ಕೆ3ಬಿ, ಎಕ್ಸ್‌ಎಫ್‌ಬರ್ನ್ ಮುಂತಾದ ತಂತ್ರಾಂಶಗಳು ಅರ್ಜಿ ಸ್ವೀಕರಿಸುವ ಮೇಜಿನಂತೆ. ಅವುಗಳ ಹಿಂದೆ ಗ್ರೋಐಸೋಎಫ್‌ಎಸ್, ವೊಡಿಮ್, ಲಿಬ್‌ಬರ್ನ್ ಎಂಬ ಉಪಕರಣಗಳು ನಿಜವಾದ ಬರವಣಿಗೆ ಮಾಡುತ್ತವೆ. ವೊಡಿಮ್ 2006ರಲ್ಲಿ ಪರವಾನಗಿ ವಿವಾದದಿಂದಾಗಿ ಹಳೆಯ ಸಿಡಿ ಬರೆಯುವ ತಂತ್ರಾಂಶವೊಂದರಿಂದ ಕವಲೊಡೆದು ಬಂದದ್ದು. ಡಿವಿಡಿಗಿಂತ ಸಿಡಿಗೆ ಅದು ಹೆಚ್ಚು ಸೂಕ್ತ. ಆದ್ದರಿಂದ ಒಂದೇ ಡ್ರೈವ್, ಒಂದೇ ಡಿಸ್ಕು ಇದ್ದರೂ ಬ್ರಸೇರೊದಲ್ಲಿ ಸೋತ ಕೆಲಸ ಕೆ3ಬಿಯಲ್ಲಿ ಗೆಲ್ಲಬಹುದು. ಬ್ರಸೇರೊದಲ್ಲಿಯೇ ‘ಪ್ಲಗಿನ್’ ಪಟ್ಟಿಗೆ ಹೋಗಿ ಹಿಂದಿನ ಉಪಕರಣವನ್ನು ಬದಲಿಸುವ ಅವಕಾಶವೂ ಇದೆ. ‘ಡ್ರೈವ್ ಕೆಟ್ಟಿದೆ’ ಎಂದು ತೀರ್ಮಾನಿಸುವ ಮೊದಲು ಬೇರೊಂದು ತಂತ್ರಾಂಶದಲ್ಲಿ ಪ್ರಯತ್ನಿಸುವುದು ಖರ್ಚಿಲ್ಲದ ಪರೀಕ್ಷೆ.

5. ತೊಡಕುಗಳು, ಕಾರಣಗಳು, ಪರಿಹಾರಗಳು

ಇಲ್ಲಿ ತೊಡಕುಗಳನ್ನು ಅವು ಎದುರಾಗುವ ಕ್ರಮದಲ್ಲಿಯೇ ಕೊಟ್ಟಿದೆ.

(ಅ) ಡ್ರೈವ್ ಕಾಣಿಸುವುದಿಲ್ಲ. ಮೊದಲು ಡ್ರೈವಿನ ಮುಖದ ಮೇಲಿನ ಗುರುತನ್ನು ಓದಿರಿ. ‘ಡಿವಿಡಿ ರಾಮ್’ ಎಂದಿದ್ದರೆ ಅದು ಓದುವುದಕ್ಕೆ ಮಾತ್ರ. ‘ಕಾಂಬೊ’ ಎಂದಿದ್ದರೆ ಡಿವಿಡಿ ಓದುತ್ತದೆ, ಆದರೆ ಸಿಡಿ ಮಾತ್ರ ಬರೆಯುತ್ತದೆ. ಇಂತಹ ಡ್ರೈವಿನಲ್ಲಿ ಎಷ್ಟು ಡಿಸ್ಕು ಹಾಕಿದರೂ ಪ್ರಯೋಜನವಿಲ್ಲ. ಬರೆಯುವ ಡ್ರೈವೇ ಆಗಿದ್ದರೆ, ಟರ್ಮಿನಲ್ ಕಿಟಕಿಯಲ್ಲಿ ‘ಎಲ್‌ಎಸ್‌ಬಿಎಲ್‌ಕೆ’ ಎಂಬ ಐದಕ್ಷರದ ಆಜ್ಞೆ ಕೊಟ್ಟಾಗ ಬರುವ ಪಟ್ಟಿಯಲ್ಲಿ ‘ಎಸ್‌ಆರ್‌0’ ಎಂಬ ಹೆಸರು ಇರಬೇಕು. ಇಲ್ಲವಾದರೆ ತೊಡಕು ತಂತ್ರಾಂಶದಲ್ಲಿಲ್ಲ. ಕೇಬಲ್ ಅಥವಾ ವಿದ್ಯುತ್ ಸಂಪರ್ಕವನ್ನು ನೋಡಬೇಕು.

(ಆ) ಹೊರಗಿನಿಂದ ಜೋಡಿಸುವ ಯುಎಸ್‌ಬಿ ಡ್ರೈವ್ ಅರ್ಧದಲ್ಲಿ ನಿಲ್ಲುತ್ತದೆ. ಓದುವುದಕ್ಕಿಂತ ಬರೆಯುವುದಕ್ಕೆ ಲೇಸರ್‌ಗೆ ಹೆಚ್ಚು ಶಕ್ತಿ ಬೇಕು. ಯುಎಸ್‌ಬಿ 2.0 ಕಿಂಡಿಯೊಂದು ಕೊಡಬಹುದಾದದ್ದು 500 ಮಿಲಿಆಂಪಿಯರ್ ಮಾತ್ರ. ಎರಡು ತುದಿಯ ಕೇಬಲ್ ಇದ್ದರೆ ಎರಡನ್ನೂ ಜೋಡಿಸಬೇಕು. ಮೇಜಿನ ಗಣಕಯಂತ್ರವಾದರೆ ಮುಂಭಾಗದ ಕಿಂಡಿಯ ಬದಲು ಹಿಂಭಾಗದ ಕಿಂಡಿಗೆ ಹಾಕಬೇಕು. ಹಲವು ಸಾಧನಗಳು ಹಂಚಿಕೊಳ್ಳುವ ಹಬ್ ಮೂಲಕ ಜೋಡಿಸಬಾರದು.

(ಇ) ‘ಅನುಮತಿ ಇಲ್ಲ’ ಎಂಬ ಸಂದೇಶ. ಲಿನಕ್ಸ್‌ನಲ್ಲಿ ಪ್ರತಿ ಬಳಕೆದಾರರಿಗೂ ಅಧಿಕಾರದ ಗಡಿಯಿದೆ. ಉಬುಂಟುವಿನಲ್ಲಿ ಡ್ರೈವನ್ನು ಬಳಸುವವರು ‘ಸಿಡಿರಾಮ್’ ಎಂಬ ಗುಂಪಿನಲ್ಲಿರಬೇಕಾಗಬಹುದು. ಹೊಸ ನಿರ್ವಾಹಕರಿಗೆ ಖಾತೆ ತೆರೆದಾಗ ಅವರನ್ನು ಈ ಗುಂಪಿಗೆ ಸೇರಿಸಲು ಮರೆತರೆ ಈ ತೊಡಕು ಬರಬಹುದು. ಸೇರಿಸಿದ ಮೇಲೆ ಒಮ್ಮೆ ಲಾಗ್‌ಔಟ್ ಆಗಿ ಮತ್ತೆ ಒಳಬರಬೇಕು. ಇದಕ್ಕಾಗಿ ಎಲ್ಲರಿಗೂ ಆಡಳಿತಗಾರರ ಪಾಸ್‌ವರ್ಡ್ ಕೊಡುವುದು ತರವಲ್ಲ. ಖಜಾನೆಯ ಬೀಗದ ಕೈಯನ್ನು ಬಾಗಿಲಲ್ಲೇ ತೂಗುಹಾಕಿದಂತಾಗುತ್ತದೆ.

(ಈ) ‘ಸಾಧನ ಬಳಕೆಯಲ್ಲಿದೆ’ ಎಂಬ ಸಂದೇಶ. ಹಿಂದೆ ಏನಾದರೂ ಬರೆದಿರುವ ಡಿಸ್ಕನ್ನು ಹಾಕಿದೊಡನೆ ವ್ಯವಸ್ಥೆಯು ಅದನ್ನು ತಾನಾಗಿ ತೆರೆದಿಟ್ಟುಕೊಳ್ಳುತ್ತದೆ. ತೆರೆದ ಡಿಸ್ಕಿನ ಮೇಲೆ ಬರೆಯುವ ತಂತ್ರಾಂಶ ಕೈಯಿಡಲಾರದು. ಕಡತ ವ್ಯವಸ್ಥಾಪಕದಲ್ಲಿ ಡಿಸ್ಕಿನ ಹೆಸರಿನ ಮೇಲೆ ಬಲಗುಂಡಿ ಒತ್ತಿ ‘ಅನ್‌ಮೌಂಟ್’ ಆಯ್ದರೆ ಸಾಕು.

(ಉ) ಸ್ಥಳ ಸಾಲದು ಎಂಬ ಸಂದೇಶ. ಇದಕ್ಕೆ ಎರಡು ಅರ್ಥಗಳಿವೆ. ಮೊದಲನೆಯದು, ಡಿಸ್ಕಿನಲ್ಲಿ ಸ್ಥಳವಿಲ್ಲ. ಡಿವಿಡಿಯ ಮೇಲೆ ಬರೆದಿರುವ 4.7 ಜಿಬಿ ಎಂದರೆ ಸುಮಾರು 470 ಕೋಟಿ ಬೈಟ್. ಉಬುಂಟು 1,000ದ ಲೆಕ್ಕದಲ್ಲಿಯೂ ವಿಂಡೋಸ್ 1,024ರ ಲೆಕ್ಕದಲ್ಲಿಯೂ ಗಾತ್ರವನ್ನು ತೋರಿಸುವುದರಿಂದ, ಉಬುಂಟುವಿನಲ್ಲಿ 4.5 ಜಿಬಿ ಎಂದು ಕಾಣುವ ಕಡತ ವಿಂಡೋಸ್‌ನಲ್ಲಿ 4.19 ಜಿಬಿ ಎಂದು ಕಾಣುತ್ತದೆ. ಕಡತ ಚಿಕ್ಕದಾಗಿಲ್ಲ, ಅಳತೆಗೋಲು ಬೇರೆ. ಎರಡನೆಯದು, ಗಣಕಯಂತ್ರದಲ್ಲಿಯೇ ಸ್ಥಳವಿಲ್ಲ. ಬರೆಯುವ ಮುನ್ನ ಕೆಲವು ತಂತ್ರಾಂಶಗಳು ಇಡೀ ಡಿಸ್ಕಿನ ಪ್ರತಿಯನ್ನು ತಾತ್ಕಾಲಿಕ ಕೋಶದಲ್ಲಿ ಸಿದ್ಧಪಡಿಸುತ್ತವೆ. ಆದ್ದರಿಂದ ಹಾರ್ಡ್ ಡಿಸ್ಕಿನಲ್ಲಿ ಕನಿಷ್ಠ 5 ಜಿಬಿ ಖಾಲಿ ಇರಬೇಕು.

ವಿಡಿಯೊ ಗಾತ್ರದ ಒಂದು ಲೆಕ್ಕವನ್ನು ಗಮನಿಸಿರಿ. ಸೆಕೆಂಡಿಗೆ 17 ಮೆಗಾಬಿಟ್ ವೇಗದಲ್ಲಿ ಮೊಬೈಲಿನಲ್ಲಿ ಚಿತ್ರೀಕರಿಸಿದ ಮೂರು ಗಂಟೆಯ ಸಭೆ ಸುಮಾರು 23 ಜಿಬಿ ಆಗುತ್ತದೆ. ಅದಕ್ಕೆ ಐದು ಡಿವಿಡಿಗಳು ಬೇಕು. ಅದನ್ನೇ ಹ್ಯಾಂಡ್‌ಬ್ರೇಕ್‌ನಂತಹ ತಂತ್ರಾಂಶದಿಂದ ಸೆಕೆಂಡಿಗೆ 3 ಮೆಗಾಬಿಟ್‌ಗೆ ಇಳಿಸಿದರೆ ಸುಮಾರು 4 ಜಿಬಿಯಾಗಿ ಒಂದೇ ಡಿಸ್ಕಿನಲ್ಲಿ ಹಿಡಿಸುತ್ತದೆ. ಆದರೆ ಹೀಗೆ ಇಳಿಸಿದ್ದು ಮೂಲವಲ್ಲ, ಪ್ರತಿ ಮಾತ್ರ. ಮೂಲ ಕಡತವನ್ನು ಅಳಿಸಬಾರದು. ಅರ್ಜಿದಾರರಿಗೆ ಕೊಡುವ ಪತ್ರದಲ್ಲಿ ಗಾತ್ರ ಇಳಿಸಿದ ಸಂಗತಿಯನ್ನು ತಿಳಿಸಬೇಕು.

(ಊ) ದೊಡ್ಡ ಕಡತ ಡಿಸ್ಕಿನಲ್ಲಿ ಇರುವುದಿಲ್ಲ. ಮೇಲೆ ಹೇಳಿದ ಮಹಿಳೆಯ ಡಿಸ್ಕಿನಲ್ಲಿ ಆದದ್ದು ಇದೇ. ಆ ದಿನದ ಚಿತ್ರೀಕರಣ ಮೂರು ಕಡತಗಳಲ್ಲಿತ್ತು. ಊಟಕ್ಕೆ ಮುಂಚಿನ ಎರಡು ಸುಮಾರು ಒಂದೊಂದು ಜಿಬಿ. ಊಟದ ನಂತರದ್ದು 2.4 ಜಿಬಿ. ಮೂರನ್ನೂ ಬ್ರಸೇರೊಗೆ ಸೇರಿಸುವಾಗ ಅದು ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ ಕೇಳಿತ್ತು. ಡಿಸ್ಕಿನ ಮೇಲೆ ಕಡತಗಳನ್ನು ಜೋಡಿಸುವ ಐಎಸ್‌ಒ 9660 ಎಂಬ ಮಾನಕದ ಮೊದಲ ಎರಡು ಹಂತಗಳು ಇಷ್ಟು ದೊಡ್ಡ ಕಡತವನ್ನು ಒಪ್ಪುವುದಿಲ್ಲ, ಮೂರನೆಯ ಹಂತವನ್ನು ಬಳಸಿ ಸೇರಿಸಲೇ ಎಂಬುದು ಆ ಪ್ರಶ್ನೆ. 1,024ರ ಲೆಕ್ಕದಲ್ಲಿ 2 ಜಿಬಿ ದಾಟಿದ ಪ್ರತಿ ಕಡತಕ್ಕೂ ಬ್ರಸೇರೊ ಹೀಗೆ ಕೇಳುತ್ತದೆ. ಸರದಿಯಲ್ಲಿ ಜನ ನಿಂತಿದ್ದಾಗ ನಮ್ಮ ನಿರ್ವಾಹಕರು ‘ಸೇರಿಸಬೇಡ’ ಎಂಬ ಗುಂಡಿ ಒತ್ತಿದ್ದರು. ಉಳಿದ ಎರಡು ಕಡತಗಳನ್ನು ತಂತ್ರಾಂಶ ನಿಷ್ಠೆಯಿಂದ ಬರೆಯಿತು. ‘ಯಶಸ್ವಿ’ ಎಂದು ಹೇಳಿತು. ಅದು ಸುಳ್ಳು ಹೇಳಲಿಲ್ಲ. ನಾವು ಎಣಿಸಿ ನೋಡಲಿಲ್ಲ.

ಪರಿಹಾರ ಸರಳ. ಅಂತಹ ಪ್ರಶ್ನೆ ಬಂದಾಗ ‘ಸೇರಿಸು’ ಎಂದೇ ಉತ್ತರಿಸಬೇಕು. 1,024ರ ಲೆಕ್ಕದಲ್ಲಿ 4 ಜಿಬಿ, ಅಂದರೆ ಸುಮಾರು 429 ಕೋಟಿ ಬೈಟ್ ಮೀರಿದ ಒಂಟಿ ಕಡತವಿದ್ದರೆ ಕೆ3ಬಿಯಲ್ಲಿ ‘ಯುಡಿಎಫ್’ ಎಂಬ ಜೋಡಣೆಯನ್ನು ಆಯ್ದುಕೊಳ್ಳಬೇಕು, ಇಲ್ಲವೇ ವಿಡಿಯೊವನ್ನು ಎರಡು ಭಾಗ ಮಾಡಿ ಬರೆಯಬೇಕು.

(ಋ) ಕನ್ನಡದ ಹೆಸರುಗಳು ವಿಂಡೋಸ್‌ನಲ್ಲಿ ಕೆಡುತ್ತವೆ. ಐಎಸ್‌ಒ 9660ರ ಮೂಲ ರೂಪದಲ್ಲಿ ಕನ್ನಡ ಅಕ್ಷರಗಳಿಗೆ ಸ್ಥಾನವಿಲ್ಲ. ಲಿನಕ್ಸ್‌ಗಾಗಿ ‘ರಾಕ್ ರಿಡ್ಜ್’, ವಿಂಡೋಸ್‌ಗಾಗಿ ‘ಜೋಲಿಯೆಟ್’ ಎಂಬ ವಿಸ್ತರಣೆಗಳಿವೆ. ಜೋಲಿಯೆಟ್ ಸೇರಿಸದೆ ಬರೆದರೆ ನಮ್ಮ ಯಂತ್ರದಲ್ಲಿ ಚೆಂದವಾಗಿ ಕಾಣುವ ಹೆಸರು ಬೇರೆಯವರ ಯಂತ್ರದಲ್ಲಿ ಅರ್ಥವಿಲ್ಲದ ಗುರುತಾಗುತ್ತದೆ. ಬ್ರಸೇರೊದಲ್ಲಿ ‘ವಿಂಡೋಸ್ ಹೊಂದಾಣಿಕೆ ಹೆಚ್ಚಿಸು’ ಎಂಬ ಅರ್ಥದ ಚೌಕಕ್ಕೆ ಗುರುತು ಹಾಕಬೇಕು. ಕೆ3ಬಿಯಲ್ಲಿ ‘ಲಿನಕ್ಸ್ ಮತ್ತು ವಿಂಡೋಸ್’ ಎಂಬ ಆಯ್ಕೆ ಇದೆ. ಜೋಲಿಯೆಟ್‌ನಲ್ಲಿಯೂ ಹೆಸರಿಗೆ 64 ಸಂಕೇತಗಳ ಮಿತಿಯಿದೆ. ‘ಗ್ರಾಮಸಭೆ’ ಎಂಬುದು ನಮಗೆ ನಾಲ್ಕು ಅಕ್ಷರ; ಒತ್ತು, ಕಾಗುಣಿತಗಳನ್ನು ಬೇರೆ ಬೇರೆಯಾಗಿ ಎಣಿಸುವ ಯಂತ್ರಕ್ಕೆ ಎಂಟು ಸಂಕೇತ. ಆದ್ದರಿಂದ ಹೆಸರುಗಳು ಚಿಕ್ಕದಾಗಿರಲಿ. ವಿವರವನ್ನು ಡಿಸ್ಕಿನ ಜೊತೆಗಿನ ಪತ್ರದಲ್ಲಿ ಬರೆಯಿರಿ.

(ೠ) ಬರೆಯುವಾಗ ನಡುವೆ ದೋಷ ಬಂದು ಡಿಸ್ಕು ಹಾಳಾಗುತ್ತದೆ. ಕಾರಣ ಬಹುಮಟ್ಟಿಗೆ ವೇಗ, ಡಿಸ್ಕಿನ ಗುಣಮಟ್ಟ ಅಥವಾ ಧೂಳು. ಡಿವಿಡಿಯ ಒಂದು ಪಟ್ಟು ವೇಗ ಎಂದರೆ ಸೆಕೆಂಡಿಗೆ ಸುಮಾರು 1.385 ಮೆಗಾಬೈಟ್. ನಾಲ್ಕು ಪಟ್ಟು ವೇಗದಲ್ಲಿ ತುಂಬಿದ ಡಿಸ್ಕು ಬರೆಯಲು ಸುಮಾರು 14 ನಿಮಿಷ ಬೇಕು. ಹದಿನಾರು ಪಟ್ಟು ವೇಗದಿಂದ ಉಳಿಯುವುದು ಕೆಲವೇ ನಿಮಿಷ. ಹಳೆಯ ಡ್ರೈವಿನಲ್ಲಿ ಕಳೆಯುವುದು ಇಡೀ ಡಿಸ್ಕು. ದಾಖಲೆಯ ಡಿಸ್ಕುಗಳನ್ನು ನಾಲ್ಕು ಅಥವಾ ಎಂಟು ಪಟ್ಟು ವೇಗದಲ್ಲಿ ಬರೆಯುವುದು ಲೇಸು. ಬರೆಯುವ ಆರಂಭದಲ್ಲಿಯೇ ‘ಪವರ್ ಕ್ಯಾಲಿಬ್ರೇಷನ್’ ದೋಷ ಬಂದರೆ, ಆ ಡಿಸ್ಕಿಗೆ ಎಷ್ಟು ಲೇಸರ್ ಶಕ್ತಿ ಬೇಕೆಂದು ಡ್ರೈವ್ ನಿರ್ಧರಿಸಲಾರದೆ ಹೋಗಿದೆ ಎಂದರ್ಥ. ಬೇರೊಂದು ಕಂಪನಿಯ ಡಿಸ್ಕಿನಲ್ಲಿ ಪ್ರಯತ್ನಿಸಿ ನೋಡಬೇಕು. ಎಲ್ಲದರಲ್ಲಿಯೂ ಅದೇ ದೋಷ ಬಂದರೆ ಮಾತ್ರ ಡ್ರೈವಿನ ಮೇಲೆ ಸಂಶಯಪಡಬೇಕು. ವಿದ್ಯುತ್ ಕಡಿತವಾದರೆ ಡಿಸ್ಕು ಹಾಳಾಗುವುದು ಖಚಿತ. ಯುಪಿಎಸ್ ಇಲ್ಲದೆ ಬರೆಯಬಾರದು.

(ಎ) ಕಚೇರಿಯಲ್ಲಿ ಓದುವ ಡಿಸ್ಕು ಬೇರೆಡೆ ಓದುವುದಿಲ್ಲ. ‘ಮುಂದೆ ಇನ್ನಷ್ಟು ಸೇರಿಸಲು ಡಿಸ್ಕನ್ನು ತೆರೆದಿಡು’ ಎಂಬ ಆಯ್ಕೆಗೆ ಗುರುತು ಬಿದ್ದಿದ್ದರೆ ಡಿಸ್ಕು ಮುಚ್ಚಿರುವುದಿಲ್ಲ. ಇಂತಹ ಡಿಸ್ಕನ್ನು ಅನೇಕ ಡ್ರೈವುಗಳು ಓದಲು ನಿರಾಕರಿಸುತ್ತವೆ. ದಾಖಲೆಯ ಡಿಸ್ಕನ್ನು ಯಾವಾಗಲೂ ಮುಚ್ಚಿಯೇ ಕೊಡತಕ್ಕದ್ದು.

(ಏ) ಮನೆಯ ಡಿವಿಡಿ ಪ್ಲೇಯರ್‌ನಲ್ಲಿ ಚಿತ್ರ ಬರುವುದಿಲ್ಲ. ಎಂಪಿ4 ಕಡತವನ್ನು ಹಾಗೆಯೇ ಬರೆದರೆ ಅದು ‘ದತ್ತಾಂಶ ಡಿವಿಡಿ’. ಅದನ್ನು ತೆರೆಯಲು ಗಣಕಯಂತ್ರ ಬೇಕು. ಟಿವಿಗೆ ಜೋಡಿಸಿದ ಹಳೆಯ ಪ್ಲೇಯರ್‌ಗೆ ಎಂಪಿಇಜಿ-2 ರೂಪದ ‘ವಿಡಿಯೊ ಡಿವಿಡಿ’ ಬೇಕು. ಲಿನಕ್ಸ್‌ನಲ್ಲಿ ‘ಡೆವೆಡೆ’ ಎಂಬ ತಂತ್ರಾಂಶ ಈ ಪರಿವರ್ತನೆ ಮಾಡುತ್ತದೆ. ಅರ್ಜಿದಾರರು ಡಿಸ್ಕನ್ನು ಎಲ್ಲಿ ಹಾಕಿ ನೋಡುತ್ತಾರೆ ಎಂದು ಕೇಳಿಯೇ ಬರೆದರೆ ಅವರಿಗೆ ಎರಡನೆಯ ಬಾರಿ ಬಸ್ ಹತ್ತುವ ಕಷ್ಟ ತಪ್ಪುತ್ತದೆ.

ಯಾವುದೇ ದೋಷ ಬಂದಾಗ ಆ ಕಿಟಕಿಯನ್ನು ಮುಚ್ಚುವ ಮೊದಲು ‘ಲಾಗ್’ ಎಂಬ ವರದಿಯನ್ನು ಉಳಿಸಿಕೊಳ್ಳಬೇಕೆಂದು ನಿರ್ವಾಹಕರಿಗೆ ತಿಳಿಸಿರಿ. ದುರಸ್ತಿಗೆ ಬರುವವರಿಗೆ ‘ಆಗ್ತಿಲ್ಲ ಸಾರ್’ ಎಂಬ ಮಾತಿಗಿಂತ ಆ ವರದಿಯ ಕೊನೆಯ ಹತ್ತು ಸಾಲುಗಳು ಹೆಚ್ಚು ಹೇಳುತ್ತವೆ.

6. ಬರೆದ ಮೇಲೆ ಓದಿ ನೋಡುವುದು

ಪರಿಶೀಲನೆಗೆ ಮೂರು ಮೆಟ್ಟಿಲುಗಳಿವೆ.

ಮೊದಲನೆಯದು ಎಣಿಕೆ. ಮೂಲ ಕೋಶದಲ್ಲಿ ಎಷ್ಟು ಕಡತಗಳಿವೆಯೋ ಡಿಸ್ಕಿನಲ್ಲಿಯೂ ಅಷ್ಟೇ ಇರಬೇಕು. ಒಟ್ಟು ಗಾತ್ರವೂ ಸರಿಹೊಂದಬೇಕು. ಇದಕ್ಕೆ ಒಂದು ನಿಮಿಷ ಸಾಕು. ನಾವು ಆ ದಿನ ಈ ಒಂದು ನಿಮಿಷ ಕೊಟ್ಟಿದ್ದರೆ ಮೇಲಿನ ಸಂಗತಿಯೇ ನಡೆಯುತ್ತಿರಲಿಲ್ಲ.

ಎರಡನೆಯದು ಹ್ಯಾಶ್. ಕಡತದ ಪ್ರತಿ ಬೈಟನ್ನೂ ಲೆಕ್ಕಕ್ಕೆ ತೆಗೆದುಕೊಂಡು ಒಂದು ಗುರುತುಸಂಖ್ಯೆಯನ್ನು ಕೊಡುವ ವಿಧಾನವಿದು. ಎಸ್‌ಎಚ್‌ಎ-256 ವಿಧಾನದಲ್ಲಿ ಅದು 64 ಅಕ್ಷರ-ಅಂಕಿಗಳ ಸಾಲಾಗಿರುತ್ತದೆ. ಕಡತದಲ್ಲಿ ಒಂದೇ ಒಂದು ಬಿಟ್ ಬದಲಾದರೂ ಆ ಸಾಲು ಗುರುತು ಸಿಗದಷ್ಟು ಬದಲಾಗುತ್ತದೆ. ಇದಕ್ಕೆ ಬೇಕಾದ ಉಪಕರಣ ಲಿನಕ್ಸ್‌ನಲ್ಲಿ ಮೊದಲೇ ಇರುತ್ತದೆ. ಮೂಲ ಕಡತದ ಹ್ಯಾಶ್ ಮತ್ತು ಡಿಸ್ಕಿನಲ್ಲಿರುವ ಕಡತದ ಹ್ಯಾಶ್ ಒಂದೇ ಆಗಿದ್ದರೆ ಪ್ರತಿ ನಿಖರವಾಗಿದೆ ಎಂದರ್ಥ. ಕೆ3ಬಿಯಲ್ಲಿ ‘ಬರೆದದ್ದನ್ನು ಪರಿಶೀಲಿಸು’ ಎಂಬ ಆಯ್ಕೆಯೂ ಇದೆ; ಅದನ್ನು ಎಂದಿಗೂ ತೆಗೆಯಬಾರದು.

ಮೂರನೆಯದು ಬೇರೆ ಯಂತ್ರ. ಬರೆದ ಡ್ರೈವಿನಲ್ಲಿಯೇ ಓದಿ ನೋಡಿದರೆ ಸಾಲದು. ತಾನು ಬರೆದದ್ದನ್ನು ತಾನು ಓದಬಲ್ಲ ಡ್ರೈವಿನ ಡಿಸ್ಕನ್ನು ಇನ್ನೊಂದು ಡ್ರೈವ್ ಓದಲಾರದಿರಬಹುದು. ಗ್ರಂಥಾಲಯದ ಅಥವಾ ಶಾಲೆಯ ವಿಂಡೋಸ್ ಯಂತ್ರದಲ್ಲಿ ಹಾಕಿ, ಪ್ರತಿ ಕಡತದ ಆರಂಭ, ನಡು, ಕೊನೆಗಳನ್ನು ನೋಡಿ, ನೋಡಿದವರು ವಹಿಯಲ್ಲಿ ಸಹಿ ಮಾಡುವುದು ಉತ್ತಮ ಪದ್ಧತಿ.

7. ಸಂರಕ್ಷಣೆ

ಬಿಸಿಲು, ಶಾಖ, ಧೂಳು ಡಿಸ್ಕಿನ ಬಣ್ಣದ ಪದರಕ್ಕೂ ಮೇಲ್ಮೈಗೂ ಶತ್ರುಗಳು. ಕಿಟಕಿಯ ಪಕ್ಕದಲ್ಲಿ ಇಡದೆ, ಕವಚದೊಳಗೆ ನೆಟ್ಟಗೆ ನಿಲ್ಲಿಸಿ ಕಬ್ಬಿಣದ ಬೀರುವಿನಲ್ಲಿಡಬೇಕು. ಬಾಲ್‌ಪೆನ್ನಿನಿಂದ ಒತ್ತಿ ಬರೆಯಬಾರದು. ಡಿಸ್ಕಿಗೆಂದೇ ಇರುವ ಮೆತ್ತನೆಯ ತುದಿಯ ಮಾರ್ಕರ್ ಬಳಸಬೇಕು. ಡಿಸ್ಕು ಒಂದೇ ಪ್ರತಿಯಾಗಿರಬಾರದು. ಎರಡು ಡಿಸ್ಕು, ಅವುಗಳ ಜೊತೆಗೆ ಹಾರ್ಡ್ ಡಿಸ್ಕಿನಲ್ಲಿ ಮೂಲ ಕಡತ ಇರಲಿ. ಹೊಸ ಗಣಕಯಂತ್ರಗಳಲ್ಲಿ ಡಿವಿಡಿ ಡ್ರೈವ್ ಅಪರೂಪವಾಗುತ್ತಿದೆ. ಆದ್ದರಿಂದ ಹಳೆಯ ಡಿಸ್ಕುಗಳು ಓದಲು ಬರುತ್ತಿರುವಾಗಲೇ ಅವುಗಳಲ್ಲಿರುವುದನ್ನು ಹಾರ್ಡ್ ಡಿಸ್ಕಿಗೂ ಇಳಿಸಿಕೊಳ್ಳುವುದು ದೂರದೃಷ್ಟಿ.

ಎಲ್ಲಕ್ಕಿಂತ ಮುಖ್ಯವಾದದ್ದು: ಪರಿಶೀಲನೆ ಮುಗಿದು ಸಹಿ ಬೀಳುವವರೆಗೆ ಕ್ಯಾಮೆರಾದ ಮೆಮೊರಿ ಕಾರ್ಡನ್ನು ಅಳಿಸಬಾರದು.

8. ಸದಸ್ಯರು ಕೇಳಬೇಕಾದ ಪ್ರಶ್ನೆಗಳು

ಡಿಸ್ಕು ಅಥವಾ ಡ್ರೈವ್ ಖರೀದಿಯ ವಿಷಯ ಸಭೆಯ ಮುಂದೆ ಬಂದಾಗ, ಅಥವಾ ಗ್ರಾಮಸಭೆಯ ದಾಖಲೆಯ ಬಗ್ಗೆ ದೂರು ಬಂದಾಗ, ತಾವು ಈ ಪ್ರಶ್ನೆಗಳನ್ನು ಕೇಳಬಹುದು:

1. ದೋಷದ ಸಂದೇಶ ಏನಿತ್ತು? ಲಾಗ್ ವರದಿ ಉಳಿಸಲಾಗಿದೆಯೇ?
2. ಬೇರೆ ಕಂಪನಿಯ ಡಿಸ್ಕು, ಕಡಿಮೆ ವೇಗ, ಬೇರೆ ತಂತ್ರಾಂಶ, ಇವು ಮೂರನ್ನೂ ಪ್ರಯತ್ನಿಸಲಾಗಿದೆಯೇ?
3. ಮೂಲದಲ್ಲಿ ಎಷ್ಟು ಕಡತ, ಡಿಸ್ಕಿನಲ್ಲಿ ಎಷ್ಟು ಕಡತ?
4. ಹ್ಯಾಶ್ ತಾಳೆ ನೋಡಿ ವಹಿಯಲ್ಲಿ ಬರೆಯಲಾಗಿದೆಯೇ?
5. ಬೇರೆ ಯಂತ್ರದಲ್ಲಿ ನೋಡಿದವರು ಯಾರು?
6. ಮೂಲ ಚಿತ್ರೀಕರಣ ಈಗ ಎಲ್ಲಿದೆ?

ಎರಡನೆಯ ಪ್ರಶ್ನೆಗೆ ‘ಇಲ್ಲ’ ಎಂಬ ಉತ್ತರ ಬಂದರೆ ಖರೀದಿಯನ್ನು ಮುಂದಿನ ಸಭೆಗೆ ಇಡುವುದು ಸೂಕ್ತ. ಆರನೆಯ ಪ್ರಶ್ನೆಗೆ ಉತ್ತರವೇ ಬರದಿದ್ದರೆ ಉಳಿದ ಐದು ಪ್ರಶ್ನೆಗಳನ್ನು ಬದಿಗಿಟ್ಟು ಮೊದಲು ಅದನ್ನು ಹುಡುಕಿಸಿರಿ.

9. ಉಪಸಂಹಾರ

ಆ ಮಹಿಳೆ ಮರಳಿ ಬಂದ ದಿನ ನಾನು ಮೊದಲು ವಿಚಾರಿಸಿದ್ದು ಮೆಮೊರಿ ಕಾರ್ಡನ್ನೇ. ಮುಂದಿನ ಸಭೆಯ ಚಿತ್ರೀಕರಣಕ್ಕಾಗಿ ಅದನ್ನು ಎರಡು ದಿನಗಳ ಹಿಂದೆಯೇ ಅಳಿಸಲಾಗಿತ್ತು. ಅದೃಷ್ಟವಶಾತ್ ಹಾರ್ಡ್ ಡಿಸ್ಕಿನ ಕೋಶದಲ್ಲಿ ಮೂರು ಕಡತಗಳೂ ಉಳಿದಿದ್ದವು. ‘ಬನ್ನಿ ಅಮ್ಮಾ, ನೀವೇ ನೋಡಿ’ ಎಂದು ಅವರನ್ನು ಪರದೆಯ ಎದುರು ಕೂರಿಸಿದೆವು. ಮೂರನೆಯ ಕಡತದ ನಡುಭಾಗದಲ್ಲಿ ಅವರ ಹೆಸರನ್ನು ಓದಿದ್ದು ಸ್ಪಷ್ಟವಾಗಿ ಕೇಳಿಸಿತು. ನಡಾವಳಿ ಪುಸ್ತಕದಲ್ಲಿ ಆ ಸಾಲು ಬಿಟ್ಟುಹೋಗಿತ್ತು. ಹೊಸ ಡಿಸ್ಕನ್ನು ನಿಧಾನ ವೇಗದಲ್ಲಿ ಬರೆದು, ಶಾಲೆಯ ಯಂತ್ರದಲ್ಲಿ ನೋಡಿ, ಶುಲ್ಕ ಹಿಂತಿರುಗಿಸಿ ಕೊಟ್ಟೆವು. ವಿಷಯವನ್ನು ಮುಂದಿನ ಸಭೆಯ ಮುಂದೆ ಮಂಡಿಸಿದೆವು. ಹೊಸ ಡ್ರೈವ್ ಖರೀದಿಸುವ ಅಗತ್ಯ ಬೀಳಲಿಲ್ಲ.

ಆ ಕೋಶವನ್ನೂ ಯಾರಾದರೂ ಅಳಿಸಿದ್ದರೆ, ಒಂದು ತಪ್ಪು ಗುಂಡಿಯಿಂದಾಗಿ ಒಂದು ಕುಟುಂಬದ ಮನೆಯ ಹಕ್ಕಿಗೆ ಇದ್ದ ಏಕೈಕ ಸಾಕ್ಷಿ ಇಲ್ಲವಾಗುತ್ತಿತ್ತು. ಗ್ರಾಮಸಭೆಯಲ್ಲಿ ಜನರು ಆಡಿದ ಮಾತು ಪಂಚಾಯಿತಿಯ ಸ್ವತ್ತು. ಆ ಸ್ವತ್ತನ್ನು ಕಾಯುವುದರಲ್ಲಿ ನಿರ್ವಾಹಕರ ಕೈ, ಅಧಿಕಾರಿಯ ಸಹಿ, ಸದಸ್ಯರ ಪ್ರಶ್ನೆ ಮೂರೂ ಬೇಕು.

ಅಭ್ಯಾಸ

1. ತಮ್ಮ ಪಂಚಾಯಿತಿಯ ಕಳೆದ ಗ್ರಾಮಸಭೆಯ ಡಿಸ್ಕನ್ನು ತರಿಸಿ, ಕಡತಗಳ ಸಂಖ್ಯೆ ಮತ್ತು ಒಟ್ಟು ಗಾತ್ರವನ್ನು ಮೂಲದೊಡನೆ ಹೋಲಿಸಿ ನೋಡಿರಿ.
2. ಅದೇ ಡಿಸ್ಕನ್ನು ಬೇರೊಂದು ಯಂತ್ರದಲ್ಲಿ ಹಾಕಿ, ಕೊನೆಯ ಕಡತದ ಕೊನೆಯ ಐದು ನಿಮಿಷವನ್ನು ವೀಕ್ಷಿಸಿರಿ.
3. ದಾಖಲೆ ಡಿಸ್ಕುಗಳ ವಹಿಯಲ್ಲಿ ಇರಬೇಕಾದ ಅಂಕಣಗಳನ್ನು ಪಟ್ಟಿ ಮಾಡಿ ಮುಂದಿನ ಸಾಮಾನ್ಯ ಸಭೆಯಲ್ಲಿ ಮಂಡಿಸಿರಿ.

— ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಹರಿಹರ ತಾಲ್ಲೂಕು, ದಾವಣಗೆರೆ ಜಿಲ್ಲೆ